ಬಾಯಿ ಬಿಟ್ಟು ಹೇಳುವ ಪರೀಕ್ಷೆ

ಜನವರಿ 12

ಪ್ರೀತಿಯ ಬಾಯಿಬಡುಕಿಗೆ,

ಅಕ್ಕ ಈ ಪರದೇಶಕ್ಕೆ ಸುಖವಾಗಿ ಬಂದು ತಲುಪಿದ್ದಾಳೆ. ಈ ಕಾಲದಲ್ಲಿ ಕಾಗದ ಯಾಕೆ ಅಂತ ನಗಬೇಡ. ಫೋನು ಮಾಡಿದರೆ ಅಮ್ಮ ಪಕ್ಕದಲ್ಲೇ ನಿಂತು ಕಿವಿ ಕೊಟ್ಟಿರುತ್ತಾಳೆ, ಊಟ ಆಯಿತಾ ಚಳಿ ಇದೆಯಾ ಅನ್ನುವುದರಲ್ಲೇ ಹೊತ್ತು ಹೋಗುತ್ತದೆ. ನಾವಿಬ್ಬರು ನರ್ಸುಗಳು ಮಾತಾಡಬೇಕಾದದ್ದು ಕಾಗದದಲ್ಲೇ ಆಗಲಿ.

ನನಗೆ ಕೊಟ್ಟಿರುವ ಕೋಣೆ ಮೂರನೇ ಮಹಡಿಯಲ್ಲಿದೆ. ಒಂದು ಮಂಚ, ಒಂದು ಮೇಜು, ಬಾಗಿಲ ಸಂದಿಗೆ ಕಾಗದ ಮಡಚಿ ತುರುಕದಿದ್ದರೆ ಮುಚ್ಚಿ ನಿಲ್ಲದ ಒಂದು ಬೀರು. ಅಡುಗೆಮನೆಯನ್ನು ಇನ್ನಿಬ್ಬರ ಜೊತೆ ಹಂಚಿಕೊಳ್ಳಬೇಕು, ಫ್ರಿಜ್ಜಿನ ಒಂದೊಂದು ಖಾನೆಗೂ ಹೆಸರಿನ ಚೀಟಿ ಅಂಟಿಸಿದ್ದಾರೆ. ಯೂನಿಫಾರ್ಮಿಗೆ ನಾಲ್ಕು ಜೇಬಿವೆ. ಅಲ್ಲಿ ನಮಗೆ ಒಂದೂ ಇರಲಿಲ್ಲವಲ್ಲ, ಪೆನ್ನನ್ನು ಮುಡಿಗೆ ಸಿಕ್ಕಿಸಿಕೊಂಡೇ ಹದಿನಾಲ್ಕು ವರ್ಷ ಕಳೆದೆ.

ನಾನಿರುವುದು ಆಸ್ಪತ್ರೆಯ ಹಿಂಬದಿಯ ಕಟ್ಟಡ, ವಯಸ್ಸಾದವರ ವಿಭಾಗ. ಒಬ್ಬೊಬ್ಬರಿಗೂ ಒಂದೊಂದು ಕೋಣೆ. ನನ್ನ ಪಾಲಿಗೆ ಎಂಟೇ ಜನ, ಕೇಳಿದೆಯಾ, ಎಂಟೇ. ನಮ್ಮ ವಾರ್ಡಿನ ನಲವತ್ತು ಮಂಚ ನೆನಪಾಗಿ ನಗು ಬರುತ್ತದೆ. ಬೆಳಿಗ್ಗೆ ಎಬ್ಬಿಸಿ, ಮೈ ಒರೆಸಿ, ಬಟ್ಟೆ ಬದಲಿಸಿ ಕುರ್ಚಿಗೆ ಕೂರಿಸುವುದು. ಎತ್ತಲು ಯಂತ್ರವಿದೆ, ಸೊಂಟಕ್ಕೆ ಕೆಲಸವಿಲ್ಲ.

ಒಂದು ಪರೀಕ್ಷೆ ಇದೆ, ಕೈಯಲ್ಲಿ ಕೆಲಸ ಮಾಡಿ ತೋರಿಸುವಂಥದ್ದು. ಸುಮ್ಮನೆ ಶಾಸ್ತ್ರಕ್ಕೆ. ಅದು ಮುಗಿದರೆ ನಾನು ಇಲ್ಲಿಯ ನೋಂದಾಯಿತ ನರ್ಸ್. ನೀನೂ ನಿನ್ನ ಸರ್ಟಿಫಿಕೇಟುಗಳನ್ನು ಜೋಡಿಸಿಟ್ಟುಕೋ. ಆ ವಾರ್ಡಿನಲ್ಲಿ ಕೂತು ಕೊಳೆಯಬೇಡ.

ನಿನ್ನ ಅಕ್ಕ


ಜನವರಿ 31

ಮೌನಗೌರಿಯಾದ ನನ್ನ ಅಕ್ಕನಿಗೆ,

ನಿನ್ನ ಕಾಗದ ನೋಡಿ ಅಮ್ಮ ನಂಬಲೇ ಇಲ್ಲ. ಇಷ್ಟು ಮಾತು ಇವಳ ಬಾಯಲ್ಲಿ ಒಂದು ವರ್ಷಕ್ಕೂ ಬರುತ್ತಿರಲಿಲ್ಲ, ಯಾರ ಕೈಲೋ ಬರೆಸಿದ್ದಾಳೆ ಅಂದಳು. ಅಕ್ಷರ ತೋರಿಸಿ ಸಮಾಧಾನ ಮಾಡಬೇಕಾಯಿತು.

ವಾರ್ಡಿನಲ್ಲಿ ನಿನ್ನ ಕಾಟ ಇನ್ನೂ ತಪ್ಪಿಲ್ಲ. ದೊಡ್ಡ ಸಿಸ್ಟರ್ ದಿನಕ್ಕೊಮ್ಮೆಯಾದರೂ ನಿನ್ನನ್ನು ಎತ್ತಿ ನನ್ನನ್ನು ತಿವಿಯುತ್ತಾರೆ. "ನಿನ್ನಕ್ಕ ಬಂದರೆ ಗಾಳಿ ಬಂದ ಹಾಗಿರ್ತಿತ್ತು, ನೀನು ಬಂದರೆ ಸಂತೆ ಬಂದ ಹಾಗಿರುತ್ತೆ" ಅಂತ. ರೋಗಿ ಎಚ್ಚರವಾಗುವ ಮೊದಲೇ ಇಂಜೆಕ್ಷನ್ ಚುಚ್ಚಿ ಮುಂದಿನ ಮಂಚಕ್ಕೆ ಹೋಗಿರುತ್ತಿದ್ದೆಯಂತೆ. ನಿಜ ಹೇಳಬೇಕೆಂದರೆ ನೀನಿಲ್ಲದೆ ನನಗೆ ಕೈ ಮುರಿದ ಹಾಗಾಗಿದೆ.

ಈಗ ಉತ್ತರ ಕೊಡು. ರಜೆ ಎಷ್ಟು? ಮಗು ಇರುವವರು ಕರೆದುಕೊಂಡು ಬರಬಹುದಾ, ಯಾವಾಗ? ಹೆರಿಗೆ ವಾರ್ಡಿನಲ್ಲಿ ಮಾಡಿದವರಿಗೆ ಅದೇ ಕೆಲಸ ಸಿಗುತ್ತದಾ? ನಲವತ್ತು ದಾಟಿದವರನ್ನು ತೆಗೆದುಕೊಳ್ಳುತ್ತಾರಾ? ಎಲ್ಲಕ್ಕಿಂತ ಮುಖ್ಯವಾಗಿ, ಮೇಲೆ ಹೋಗಲು ದಾರಿ ಇದೆಯಾ, ಇಲ್ಲ ಅಲ್ಲೂ ಹಿರಿಯರು ನಿವೃತ್ತರಾಗುವವರೆಗೆ ಕಾಯಬೇಕಾ?

ನನಗೆ ಮಗುವೂ ಇಲ್ಲ, ನಲವತ್ತೂ ಆಗಿಲ್ಲ ಅಂತ ನೀನು ಕೇಳುತ್ತೀಯ. ಕುತೂಹಲ ಅಷ್ಟೇ. ವಿವರವಾಗಿ ಬರೆ.

ತಂಗಿ


ಫೆಬ್ರವರಿ 25

ಪ್ರೀತಿಯ ತಂಗಿ,

ಇಷ್ಟು ಪ್ರಶ್ನೆ ಕೇಳುತ್ತೀಯ ಅಂದರೆ ಹೊರಡಲು ಮನಸ್ಸು ಮಾಡಿದ್ದೀಯ. ಸಂತೋಷ. ಬರೆದುಕೋ.

ರಜೆ ವರ್ಷಕ್ಕೆ ಐದು ವಾರದ ಹತ್ತಿರ. ನೋಂದಣಿ ಆದ ಮೇಲೆ ಮಕ್ಕಳನ್ನು ಕರೆಸಿಕೊಳ್ಳಬಹುದು. ವಯಸ್ಸನ್ನು ಯಾರೂ ಕೇಳುವುದಿಲ್ಲ, ಐವತ್ತೆರಡರ ಒಬ್ಬಳು ನನ್ನ ಜೊತೆಯಲ್ಲೇ ಬಂದಳು. ಇನ್ನು ಮೇಲೆ ಹೋಗುವ ದಾರಿ. ಇಲ್ಲಿ ಯಾರ ನಿವೃತ್ತಿಗೂ ಕಾಯಬೇಕಿಲ್ಲ. ಎರಡು ವರ್ಷ ವಾರ್ಡಿನಲ್ಲಿ ದುಡಿದರೆ ಮುಂದಿನ ತರಬೇತಿಗೆ ಆಸ್ಪತ್ರೆಯೇ ಕಳಿಸುತ್ತದೆ. ಆಪರೇಷನ್ ಥಿಯೇಟರ್, ತುರ್ತು ಚಿಕಿತ್ಸೆ, ಮಕ್ಕಳ ವಿಭಾಗ, ಬೇಕಾದ್ದನ್ನು ಹಿಡಿ. ಔಷಧಿ ಬರೆದುಕೊಡುವ ಅಧಿಕಾರವಿರುವ ನರ್ಸುಗಳಿದ್ದಾರೆ. ಗಾಯಗಳನ್ನೇ ನೋಡುವ ತಜ್ಞೆ ಒಬ್ಬಳಿದ್ದಾಳೆ, ಅವಳೂ ನರ್ಸೇ. ವಾಸಿಯಾಗದ ಹುಣ್ಣು ಇದ್ದರೆ ಡಾಕ್ಟರೇ ಅವಳನ್ನು ಕರೆಸಿ ಏನು ಮಾಡೋಣ ಅಂತ ಕೇಳುತ್ತಾರೆ. ಅದನ್ನು ನೋಡಿದ ದಿನ ಕಾರಿಡಾರಿನಲ್ಲಿ ನಿಂತೇಬಿಟ್ಟೆ. ನಾನು ಆಗುವುದು ಅದೇ. ಬೇರೆ ಯಾವುದೂ ಅಲ್ಲ.

ನನ್ನ ಎಂಟು ಜನರಲ್ಲಿ ಆರನೇ ಕೋಣೆಯ ಅಜ್ಜಿಗೆ ಜಡ್ಜಮ್ಮ ಅಂತ ಹೆಸರಿಟ್ಟಿದ್ದೇನೆ. ಕೆಲಸ ಮಾಡುತ್ತಿದ್ದದ್ದು ಗ್ರಂಥಾಲಯದಲ್ಲಿ, ಆದರೆ ಸೂಪಿನಿಂದ ಹಿಡಿದು ಮ್ಯಾನೇಜರನ ಟೈಯವರೆಗೆ ಎಲ್ಲದರ ಮೇಲೂ ತೀರ್ಪು ಕೊಡುತ್ತಾಳೆ. ಅವಳಿಗೆ ತಿನ್ನಿಸುವುದೇ ಒಂದು ಸಾಹಸ.

ಪರೀಕ್ಷೆ ಹೋದ ವಾರ ಚೆನ್ನಾಗಿ ಆಯಿತು.

ನಿನ್ನ ಅಕ್ಕ


ಏಪ್ರಿಲ್ 16

ಅಕ್ಕಾ,

ಪರೀಕ್ಷೆ ಚೆನ್ನಾಗಿ ಆಯಿತು ಅಂದರೆ ಪಾಸು ಅಂತಲೇ ಲೆಕ್ಕ. ವಾರ್ಡಿನಲ್ಲೆಲ್ಲ ಹೇಳಿಕೊಂಡು ಬಂದೆ. ದೊಡ್ಡ ಸಿಸ್ಟರ್ ಮುಖದಲ್ಲೂ ಹೆಮ್ಮೆ ಕಾಣಿಸಿತು, ಅವರು ಅದನ್ನು ಕೆಮ್ಮಿನಲ್ಲಿ ಮುಚ್ಚಿಕೊಂಡರು. ನೋಂದಾಯಿತ ನರ್ಸಮ್ಮನಾದ ಮೇಲೆ ತಂಗಿಗೆ ಬರೆಯಲು ಪುರುಸೊತ್ತಿಲ್ಲವೇನೋ. ಮಾರ್ಚಿನಲ್ಲಿ ಹಾಕಿದ ಕಾಗದಕ್ಕೂ ಉತ್ತರವಿಲ್ಲ.

ನಾನೂ ಸುಮ್ಮನೆ ಕೂತಿಲ್ಲ, ಅಷ್ಟು ಹೇಳಬಲ್ಲೆ. ಮುಂದಿನದು ಆಮೇಲೆ. ಎರಡು ಸಾಲಾದರೂ ಬರೆ.

ತಂಗಿ


ಮೇ 9

ತಂಗಿ,

ಕೆಲಸ ಜಾಸ್ತಿ. ಆರೋಗ್ಯವಾಗಿದ್ದೇನೆ. ಜಡ್ಜಮ್ಮನ ಬೆನ್ನು ನೋವು ಹೆಚ್ಚಾಗಿದೆ, ಗಳಿಗೆಗೊಮ್ಮೆ ಮಗ್ಗುಲು ಬದಲಿಸಬೇಕು. ಅಮ್ಮನಿಗೆ ಹೇಳು.

ಅಕ್ಕ


ಜೂನ್ 2

ಅಕ್ಕಾ,

ಈ ಸಲ ತಮಾಷೆ ಇಲ್ಲ.

ಮೊದಲು ನನ್ನ ಕಳ್ಳತನ ಒಪ್ಪಿಕೊಳ್ಳುತ್ತೇನೆ. ನಿನ್ನ ಕಾಗದಗಳನ್ನು ನಾನೊಬ್ಬಳೇ ಓದುತ್ತಿರಲಿಲ್ಲ. ಪ್ರತಿ ಶನಿವಾರ ಮಧ್ಯಾಹ್ನ, ಡ್ಯೂಟಿ ಬದಲಾಗುವ ಹೊತ್ತಿಗೆ, ಡ್ಯೂಟಿ ರೂಮಿನಲ್ಲಿ ಗಟ್ಟಿಯಾಗಿ ಓದುತ್ತಿದ್ದೆ. ಕೇಳುವವರು ಒಂಬತ್ತು ಜನ. ಹೊಸ ಕಾಗದ ಇಲ್ಲದಿದ್ದರೆ ಹಳೆಯದನ್ನೇ ಓದಿಸುತ್ತಿದ್ದರು. ಆ ಪ್ರಶ್ನೆಗಳೆಲ್ಲ ಅವರವು. ಮಗು ಇರುವುದು, ಹೆರಿಗೆ ವಾರ್ಡಿನಲ್ಲಿರುವುದು ನಮ್ಮ ಜಡೆ ಸಿಸ್ಟರ್. ಅವಳ ಜಡೆ ನಿನಗೆ ನೆನಪಿದ್ದೇ ಇರುತ್ತದೆ.

ಹೋದ ಶನಿವಾರ ನಿನ್ನ ಮೂರು ಸಾಲು ಓದಿದೆ. ದೊಡ್ಡ ಸಿಸ್ಟರ್ ಮೂಲೆಯಲ್ಲಿ ಗಾಜ್ ಬಟ್ಟೆ ಮಡಚುತ್ತಿದ್ದರು. ತಲೆ ಎತ್ತದೆ ಕೇಳಿದರು, "ಇವಳು ಅಲ್ಲಿ ಔಷಧಿ ಯಾವಾಗ ಕೊಡ್ತಾಳೆ?"

ಅದೆಲ್ಲ ಬರೆಯುವಂಥದ್ದಾ ಅಂತ ಜೋರು ಮಾಡಿದೆ. ಮನೆಗೆ ಬಂದು ನಿನ್ನ ಕಾಗದಗಳನ್ನೆಲ್ಲ ಹರವಿಕೊಂಡು ಕೂತೆ. ಎಬ್ಬಿಸಿದ್ದೀಯ, ಒರೆಸಿದ್ದೀಯ, ತಿನ್ನಿಸಿದ್ದೀಯ, ಮಗ್ಗುಲು ಬದಲಿಸಿದ್ದೀಯ. ಐದು ತಿಂಗಳಲ್ಲಿ ಒಂದು ಮಾತ್ರೆ ಕೊಟ್ಟಿಲ್ಲ. ಒಂದು ಇಂಜೆಕ್ಷನ್ ಇಲ್ಲ, ಡ್ರೆಸ್ಸಿಂಗ್ ಇಲ್ಲ, ಬಿಪಿ ಸಹ ನೋಡಿಲ್ಲ. ಡ್ರೆಸ್ಸಿಂಗ್ ಅಂದರೆ ಪ್ರಾಣ ಬಿಡುತ್ತಿದ್ದ ನೀನು.

ಅಲ್ಲಿ ನೀನು ಏನಾಗಿದ್ದೀಯ?

ಜಡೆ ಸಿಸ್ಟರ್ ಏಪ್ರಿಲ್ ಹದಿನೈದಕ್ಕೆ ರಾಜೀನಾಮೆ ಕೊಟ್ಟಿದ್ದಾಳೆ. ಖಾಯಂ ನೌಕರಿ, ಹನ್ನೊಂದು ವರ್ಷದ್ದು. ಜುಲೈ ಹದಿನೈದಕ್ಕೆ ಮೂರು ತಿಂಗಳ ನೋಟಿಸು ಮುಗಿಯುತ್ತದೆ. ಆಮೇಲೆ ಹಿಂದೆ ತೆಗೆದುಕೊಳ್ಳುವ ಹಾಗಿಲ್ಲ. ನೀನು ಬರೆದದ್ದನ್ನು ನಂಬಿ ಕೊಟ್ಟದ್ದು. ನಾನೂ ನಿನ್ನನ್ನು ಅಲ್ಲಿಗೆ ಕಳಿಸಿದ ಏಜೆನ್ಸಿಗೇ ಸಹಿ ಹಾಕಿದ್ದೇನೆ, ನಿನಗೆ ಹೇಳಿ ಬೆರಗು ಮಾಡೋಣ ಅಂತ ಮುಚ್ಚಿಟ್ಟಿದ್ದೆ.

ಬಾಯಿ ಬಿಡು ಅಕ್ಕ.

ತಂಗಿ


ಜೂನ್ 17

ತಂಗಿ,

ನೀನು ಕೇಳಿದ್ದಕ್ಕೆ ಉತ್ತರ: ಆಯಾ.

ಪರೀಕ್ಷೆ ಪಾಸಾಗುವವರೆಗೆ ಇಲ್ಲಿ ನಾವು ನರ್ಸುಗಳಲ್ಲ, ಸಹಾಯಕರು. ಯೂನಿಫಾರ್ಮ್ ಬೂದು ಬಣ್ಣದ್ದು. ಔಷಧಿ ಮುಟ್ಟುವ ಹಾಗಿಲ್ಲ, ಗಾಯ ಮುಟ್ಟುವ ಹಾಗಿಲ್ಲ. ಕೈಯಲ್ಲಿ ಪೊರಕೆ ಇಲ್ಲ ಅನ್ನುವುದೊಂದು ಬಿಟ್ಟರೆ, ಅಲ್ಲಿ ನಮ್ಮ ಆಯಮ್ಮ ಏನು ಮಾಡುತ್ತಿದ್ದಳೋ ಅದನ್ನೇ ಮಾಡುತ್ತಿದ್ದೇನೆ. ಇಪ್ಪತ್ತಮೂರು ವರ್ಷದ ಹುಡುಗಿ ಒಬ್ಬಳು ಡ್ರೆಸ್ಸಿಂಗ್ ಮಾಡುತ್ತಾಳೆ, ನಾನು ಪಕ್ಕದಲ್ಲಿ ಕಸದ ಚೀಲ ಹಿಡಿದು ನಿಲ್ಲುತ್ತೇನೆ. ಅವಳು ಪಟ್ಟಿ ಬಿಗಿಯಾಗಿ ಸುತ್ತುವುದನ್ನು ಕಂಡು ನನ್ನ ಕೈ ಚಡಪಡಿಸುತ್ತದೆ.

ಪರೀಕ್ಷೆ ಎರಡು ಸಲ ಬರೆದೆ. ಎರಡು ಸಲವೂ ಫೇಲು. ಫೆಬ್ರವರಿಯಲ್ಲಿ ಒಮ್ಮೆ, ಏಪ್ರಿಲಿನಲ್ಲಿ ಒಮ್ಮೆ. ಇರುವುದು ಮೂರೇ ಅವಕಾಶ. ಕೊನೆಯದು ಆಗಸ್ಟ್ ಹತ್ತೊಂಬತ್ತಕ್ಕೆ. ಅದೂ ಹೋದರೆ ಪೆಟ್ಟಿಗೆ ಕಟ್ಟಬೇಕು.

ಹೇಗೆ ಫೇಲಾದೆ ಅಂತ ಕೇಳು, ದೊಡ್ಡ ಸಿಸ್ಟರಿಗೂ ಓದಿ ಹೇಳು. ದೊಡ್ಡ ಹಾಲ್‌ನಲ್ಲಿ ಪರದೆ ಕಟ್ಟಿ ಹತ್ತು ಕಟ್ಟೆ ಮಾಡಿರುತ್ತಾರೆ, ಒಂದೊಂದು ಕಟ್ಟೆಗೂ ಒಂದೊಂದು ಕೆಲಸ. ಒಂದೊಂದರಲ್ಲೂ ರೋಗಿಯ ಹಾಗೆ ನಟಿಸುವ ಒಬ್ಬರು, ಅಂಕ ಹಾಕುವ ಒಬ್ಬರು. ಗಂಟೆ ಬಾರಿಸಿದರೆ ಶುರು. ನಾನು ಅಲ್ಲಿ ಕಲಿತ ಹಾಗೆಯೇ ಮಾಡಿದೆ, ತುಟಿ ಬಿಚ್ಚದೆ. ನಾಡಿ ನೋಡಿದೆ, ಮುಖ ನೋಡಿ ನೋವೆಷ್ಟು ಅಂತ ಅಳೆದೆ, ಚಾದರ ಸರಿ ಮಾಡಿದೆ, ಗಾಯ ಕಟ್ಟಿದೆ. ಒಂದು ಚೂರೂ ತಪ್ಪಿಲ್ಲ. ಬಂದ ಚೀಟಿಯಲ್ಲಿ ಇದ್ದದ್ದು: ಅನುಮತಿ ಕೇಳಲಿಲ್ಲ, ನೋವಿದೆಯೇ ಎಂದು ಕೇಳಲಿಲ್ಲ, ಏನು ಮಾಡುತ್ತಿರುವೆನೆಂದು ರೋಗಿಗೆ ತಿಳಿಸಲಿಲ್ಲ. ಇಲ್ಲಿ ಬಾಯಿ ಬಿಟ್ಟು ಹೇಳದ್ದು ಮಾಡಿದ ಹಾಗಲ್ಲ. ನಲವತ್ತು ಮಂಚಕ್ಕೆ ಒಬ್ಬಳಿದ್ದರೆ ಯಾರನ್ನು ಏನಂತ ಕೇಳುವುದು? ಬೆಳಗಿನ ಇಂಜೆಕ್ಷನ್ ಸಂಜೆಗೆ ಮುಗಿಯುತ್ತದೆ. ಇದು ಪರೀಕ್ಷೆಯಲ್ಲ, ನಾಟಕ ಅಂತ ಬೈದುಕೊಂಡೆ.

ಎರಡನೇ ಸಲ ಎಲ್ಲ ಮಾತುಗಳನ್ನೂ ಉರುಹೊಡೆದುಕೊಂಡು ಹೋದೆ. ರೋಗಿಯಾಗಿ ಮಲಗಿದ್ದವನನ್ನು ನೋವಿದೆಯಾ ಅಂತ ಕೇಳಿ, ಅವನು ಬಾಯಿ ತೆರೆಯುವ ಮೊದಲೇ ತೋಳು ಎತ್ತಿದೆ. ಅವನು ಇದೆ ಅಂದದ್ದು ನನಗೆ ಕೇಳಿಸಲೇ ಇಲ್ಲ.

ಆ ವಾರ ಜಡ್ಜಮ್ಮನನ್ನು ಕುರ್ಚಿಗೆ ಕೂರಿಸಿ ಬಾಗಿಲ ಕಡೆ ಹೊರಟಿದ್ದೆ. ಹಿಂದಿನಿಂದ ಅಂದಳು, "ನಿನ್ನ ಕೈ ಮೆತ್ತಗಿದೆ, ಒಪ್ಪಿದೆ. ಆದರೆ ನೀನು ಎತ್ತಿದಾಗೆಲ್ಲ ನಾನೊಂದು ಪಾರ್ಸಲು ಅನ್ನಿಸುತ್ತೆ." ಯಾವ ಚೀಟಿಯೂ ನನ್ನನ್ನು ಅಷ್ಟು ಚುಚ್ಚಿರಲಿಲ್ಲ. ಹದಿನಾಲ್ಕು ವರ್ಷ ಎಷ್ಟು ಜನರನ್ನು ಹಾಗೆ ಎತ್ತಿಟ್ಟಿದ್ದೇನೋ. ಪರೀಕ್ಷೆಯವರು ಹೇಳಿದ್ದು ಸುಳ್ಳಲ್ಲ.

ಸುಳ್ಳು ಹೇಳಿದ್ದು ನಾನು. ಫೋನಿನಲ್ಲಾದರೆ ನೀನು ದನಿಯಲ್ಲೇ ಹಿಡಿದುಬಿಡುತ್ತಿದ್ದೆ ಅಂತಲೇ ಕಾಗದ ಹಿಡಿದೆ. ನಿನ್ನೆದುರು ದೊಡ್ಡವಳಾಗಿಯೇ ಇರಬೇಕೆಂಬ ಆಸೆ, ಬೇರೇನಿಲ್ಲ. ನನ್ನ ಕಾಗದವನ್ನು ಹಿಡಿದು ಒಬ್ಬಳು ನೌಕರಿ ಬಿಡುತ್ತಾಳೆ ಅಂತ ಕನಸಿನಲ್ಲೂ ಎಣಿಸಿರಲಿಲ್ಲ. ಇದನ್ನು ಅವಳಿಗೆ ತಡಮಾಡದೆ ತೋರಿಸು. ಒಂದಕ್ಷರವನ್ನೂ ಬಿಡಬೇಡ.

ಮೇಲೆ ಹೋಗುವ ದಾರಿಯ ಬಗ್ಗೆ ಬರೆದದ್ದೆಲ್ಲ ನಿಜ. ಆದರೆ ಆ ದಾರಿಗೆ ಮೊದಲ ಮೆಟ್ಟಿಲು ಇದೆ, ಅದನ್ನು ನಾನು ಮುಚ್ಚಿಟ್ಟೆ. ಹತ್ತೊಂಬತ್ತಕ್ಕೆ ಮತ್ತೆ ಹೋಗುತ್ತೇನೆ. ಅದರಲ್ಲಿ ಎರಡು ಮಾತಿಲ್ಲ.

ಅಕ್ಕ


ಜುಲೈ 4

ಅಕ್ಕಾ,

ನಿನ್ನ ಕಾಗದ ಜೂನ್ ಕೊನೆಗೆ ಕೈಗೆ ಬಂತು. ನಾಲ್ಕು ದಿನ ನಿನ್ನ ಮೇಲೆ ಉರಿದುಕೊಂಡೆ. ಫೇಲಾದದ್ದಕ್ಕಲ್ಲ. ನಾನು ಮೂರು ತಿಂಗಳು ಎಲ್ಲರೆದುರು ಎದೆ ಉಬ್ಬಿಸಿಕೊಂಡು ನಿನ್ನ ಸುಳ್ಳನ್ನು ಓದಿದೆನಲ್ಲ, ಅದಕ್ಕೆ. ಆದರೆ ಜಡೆ ಸಿಸ್ಟರಿಗೆ ಕಾಗದವನ್ನು ಅದೇ ಸಂಜೆ ಕೊಟ್ಟೆ. ನಿನ್ನೆ ಶನಿವಾರ, ಎಲ್ಲರೆದುರೂ ಓದಿದೆ, ಆಯಾ ಅನ್ನುವುದರಿಂದ ಹಿಡಿದು ಕೊನೆಯವರೆಗೆ. ಒಂದಕ್ಷರವನ್ನೂ ಬಿಡಲಿಲ್ಲ.

ಒಬ್ಬಳು, ಇಲ್ಲಿ ರಾಣಿ ಥರ ಇದ್ದವಳು ಅಲ್ಲಿ ಹೋಗಿ ಮೈ ಒರೆಸೋದಾ ಅಂದಳು. ಅವಳಿಗೆ ಉತ್ತರ ಕೊಟ್ಟದ್ದು ನಮ್ಮ ಆಯಮ್ಮ. ನೆಲ ಒರೆಸುತ್ತಿದ್ದವಳು ಹಾಗೇ ನೆಟ್ಟಗಾಗಿ, ಮೈ ಒರೆಸುವುದೂ ಎಲ್ಲರ ಕೈಗೆ ಬರುವ ಕೆಲಸವಲ್ಲ ಕಣಮ್ಮ ಅಂತ ಹೇಳಿ ಬಕೆಟ್ಟು ಎತ್ತಿಕೊಂಡು ಹೋದಳು. ಎಲ್ಲರೂ ಪೆಚ್ಚಾದೆವು.

ಇಬ್ಬರು ಏಜೆನ್ಸಿಯಿಂದ ಹೆಸರು ತೆಗೆಸುತ್ತೇವೆ ಅಂದರು. ಜಡೆ ಸಿಸ್ಟರ್ ಕಿಟಕಿಯ ಹತ್ತಿರ ಕೂತಿದ್ದಳು. ಒಂದೇ ಕೇಳಿದಳು, "ಎರಡು ಸಲ ಹೋದ ಮೇಲೂ ನಿಮ್ಮಕ್ಕ ಮತ್ತೆ ಪರೀಕ್ಷೆ ಬರೀತಾಳಾ?" ಬರೀತಾಳೆ ಅಂದೆ. ನಾಳೆ ಸೋಮವಾರ ರಾಜೀನಾಮೆ ಹಿಂದೆ ತೆಗೆದುಕೊಂಡು, ಬದಲಿಗೆ ಸಂಬಳವಿಲ್ಲದ ದೀರ್ಘ ರಜೆಗೆ ಅರ್ಜಿ ಹಾಕುತ್ತಾಳಂತೆ. ಹೋಗುವುದು ಖಂಡಿತ, ಆದರೆ ಹಿಂದಿನ ಬಾಗಿಲು ಮುಚ್ಚಿಕೊಂಡು ಹೋಗುವುದಿಲ್ಲ ಅಂದಳು. ನಿನ್ನ ಮೇಲೆ ಕೋಪವಿದೆಯಾ ಅಂತ ಕೇಳಿದೆ. ಇದೆ, ಇಲ್ಲದೆ ಏನು ಅಂದಳು. ಇರಲಿ, ಅದನ್ನು ನೀನು ಹೊರಬೇಕು.

ದೊಡ್ಡ ಸಿಸ್ಟರ್ ಎದ್ದು ವಾರ್ಡಿಗೆ ಹೋದರು. ಇವತ್ತು ಬೆಳಿಗ್ಗೆ ರೌಂಡ್ಸಿನಲ್ಲಿ ಮೊದಲ ಮಂಚದ ಅಜ್ಜನಿಗೆ, "ಚುಚ್ತಾ ಇದ್ದೀನಿ, ಸ್ವಲ್ಪ ಉರಿಯುತ್ತೆ" ಅಂದರು. ಅಜ್ಜ ಗಾಬರಿಯಾಗಿ ನನ್ನನ್ನು ನೋಡಿದ, ತನಗೇನೋ ದೊಡ್ಡ ಕಾಯಿಲೆ ಬಂದಿದೆ ಅಂತ.

ನಾನು ಸಹಿ ಹಿಂದೆ ತೆಗೆದುಕೊಂಡಿಲ್ಲ. ಈಗ ನಿನಗೆ ಒಂದು ಪಾಠ, ಕಸುಬಿನಲ್ಲಿ ಅಲ್ಲ, ಮಾತಿನಲ್ಲಿ. ಅದರಲ್ಲಿ ನಾನು ಗುರು. ಕೇಳಿದ ಮೇಲೆ ಬಾಯಿ ಮುಚ್ಚಿ ಕಾಯಬೇಕು ಅಕ್ಕ. ಉತ್ತರ ಬರುವವರೆಗೆ. ನಾನು ಸಂತೆ ಅಂತ ಬೈಸಿಕೊಂಡರೂ ನನ್ನ ರೋಗಿಗಳು ನನಗೆ ಎಲ್ಲ ಹೇಳುವುದು ಅದಕ್ಕೇ.

ತಂಗಿ


ಆಗಸ್ಟ್ 3

ಗುರುಗಳೇ,

ನಿಮ್ಮ ಪಾಠ ನಡೆಯುತ್ತಿದೆ. ಜಡ್ಜಮ್ಮನ ಎದುರು ಮೊಣಕಾಲೂರಿ ಕೂತು, ನನಗೆ ಪರೀಕ್ಷೆ ಇದೆ, ನಿಮ್ಮ ಹತ್ತಿರ ಮಾತಾಡುತ್ತಾ ಕೆಲಸ ಮಾಡಲಾ ಅಂತ ಕೇಳಿದೆ. ಮಾಡು, ಆದರೆ ಗಿಳಿಪಾಠ ಒಪ್ಪಿಸಿದರೆ ಆಚೆ ಕಳಿಸುತ್ತೇನೆ ಅಂತ ತೀರ್ಪಾಯಿತು.

ಮೊದಲನೇ ದಿನ ಬೆಳಿಗ್ಗೆ, ಈಗ ಏಳೋಣವಾ ಅಂದೆ. ಬೇಡ ಅಂದಳು. ಹದಿನಾಲ್ಕು ವರ್ಷದಲ್ಲಿ ಯಾವ ರೋಗಿಯೂ ನನಗೆ ಬೇಡ ಅಂದಿರಲಿಲ್ಲ ಕಣೇ. ನಾನು ಕೇಳಿದ್ದರೆ ತಾನೇ ಅನ್ನುವುದು. ಯಾಕೆ ಅಂತ ಕೇಳಿದೆ, ಕಾದೆ. ಸುಮಾರು ಹೊತ್ತು ಕಾದೆ. ಬೆಳಿಗ್ಗೆ ಎದ್ದ ಕೂಡಲೇ ತಲೆ ಸುತ್ತುತ್ತದೆ, ಹತ್ತು ನಿಮಿಷ ದಿಂಬಿಗೆ ಒರಗಿ ಕೂತರೆ ಸರಿಹೋಗುತ್ತದೆ ಅಂದಳು. ಏಳು ತಿಂಗಳಿಂದ ದಿನಾ ತಲೆ ಸುತ್ತುತ್ತಿರುವಾಗಲೇ ಅವಳನ್ನು ಎಬ್ಬಿಸಿದ್ದೇನೆ. ಡ್ರೆಸ್ಸಿಂಗ್ ಮಾಡುವ ಆ ಹುಡುಗಿಗೆ ಹೋಗಿ ಹೇಳಿದೆ. ಅವಳು, ಅಜ್ಜಿ ಮಲಗಿದಾಗ ಒಮ್ಮೆ, ನಿಂತಾಗ ಒಮ್ಮೆ ಬಿಪಿ ನೋಡಿದಳು, ಡಾಕ್ಟರು ಒಂದು ಮಾತ್ರೆ ಕಡಿಮೆ ಮಾಡಿದರು. ನನಗೆ ನಾಚಿಕೆಯಾಯಿತು, ಖುಷಿಯೂ ಆಯಿತು.

ಇನ್ನೊಂದು ಮಜಾ. ಐದನೇ ಕೋಣೆಯವರು ಮ್ಯಾನೇಜರಿಗೆ ದೂರು ಕೊಟ್ಟರು, ಪಕ್ಕದ ಕೋಣೆಯಲ್ಲಿ ಈಚೆಗೆ ಮಾತು ಹೆಚ್ಚಾಗಿದೆ, ನಿದ್ದೆ ಕೆಡುತ್ತದೆ ಅಂತ. ಮಾತು ಹೆಚ್ಚಾಯಿತು ಅಂತ ನನ್ನ ಮೇಲೆ ದೂರು. ಇದನ್ನು ಅಮ್ಮನಿಗೆ ಓದಿ ಹೇಳು, ನಂಬುವುದಿಲ್ಲ.

ಜಡೆ ಸಿಸ್ಟರಿಗೆ ನಾನೇ ಬೇರೆ ಕಾಗದ ಹಾಕಿದ್ದೇನೆ. ಕ್ಷಮಿಸು ಅಂತ ಒಂದೇ ಸಲ ಬರೆದೆ, ಉಳಿದದ್ದೆಲ್ಲ ಪರೀಕ್ಷೆಯ ವಿವರ.

ಇನ್ನು ಹದಿನಾರು ದಿನ.

ಅಕ್ಕ


ಆಗಸ್ಟ್ 27

ತಂಗಿ, ಮತ್ತು ಶನಿವಾರ ಡ್ಯೂಟಿ ರೂಮಿನಲ್ಲಿ ಕೂತಿರುವ ಎಲ್ಲರಿಗೂ,

ಈ ಸಲ ನೇರವಾಗಿ ನಿಮಗೇ ಬರೆಯುತ್ತಿದ್ದೇನೆ.

ಒಂಬತ್ತು ಕಟ್ಟೆ ಮುಗಿಸಿದೆ. ಕೇಳಿದೆ, ಕಾದೆ, ಮಾಡಿದೆ. ಹತ್ತನೆಯದು ಡ್ರೆಸ್ಸಿಂಗ್. ನನ್ನ ಪಾಲಿಗೆ ಹಬ್ಬ ಅಂದುಕೊಂಡೆ. ರೋಗಿಯಾಗಿ ಮಲಗಿದ್ದವರು ನನ್ನ ವಯಸ್ಸಿನವರೇ, ಕಾಲಿಗೆ ಗಾಯದ ಹಾಗೆ ಬಣ್ಣ ಬಳಿದಿದ್ದರು. ಕೈ ತೊಳೆದು, ಗ್ಲೌಸ್ ಹಾಕಿ, ಶುದ್ಧ ತಟ್ಟೆ ಬಿಚ್ಚಿ ಅರ್ಧ ಕೆಲಸ ಮಾಡಿದ್ದೆ. ಗಾಜ್ ತೆಗೆಯಲು ಹೋದಾಗ ನನ್ನ ಕಿರುಬೆರಳು ತಟ್ಟೆಯ ಹೊರಗಿನ ಮೇಜಿಗೆ ತಾಗಿತು, ಗ್ಲೌಸಿನ ಶುದ್ಧಿ ಅಲ್ಲಿಗೆ ಹೋಯಿತು.

ಯಾರೂ ನೋಡಲಿಲ್ಲ. ಅಂಕ ಹಾಕುವವಳು ತಲೆ ತಗ್ಗಿಸಿ ಹಿಂದಿನದನ್ನು ಬರೆಯುತ್ತಿದ್ದಳು. ಮಲಗಿದ್ದವರು ಮೇಲೆ ದೀಪ ನೋಡುತ್ತಿದ್ದರು. ಮುಂದುವರಿಸಿದರೆ ಎರಡು ನಿಮಿಷದ ಕೆಲಸ, ಪಾಸು. ಹೇಳಿದರೆ ಎಲ್ಲ ಬಿಸಾಡಿ ಹೊಸದಾಗಿ ಶುರು ಮಾಡಬೇಕು, ಹೊತ್ತು ಸಾಲದು. ಇದು ನನ್ನ ಕೊನೆಯ ಸಲ. ಒಂದು ಕ್ಷಣ ನನಗೂ ಆಸೆಯಾಯಿತು, ಮುಚ್ಚಿಡುವುದಿಲ್ಲ.

ಆಮೇಲೆ ಗಟ್ಟಿಯಾಗಿ ಅಂದೆ, "ನನ್ನ ಕೈ ಹೊರಗೆ ತಾಗಿತು. ತಪ್ಪಾಯ್ತು. ಇದನ್ನೆಲ್ಲ ತೆಗೆದು ಮತ್ತೆ ಮಾಡ್ತೀನಿ, ನಿಮಗೆ ಸರೀನಾ?"

ಮಲಗಿದ್ದವರು ನಟನೆ ಮರೆತು ನನ್ನ ಮುಖ ನೋಡಿದರು. ಮತ್ತೆ ನೋಯುತ್ತಾ ಅಂತ ಕೇಳಿದರು. ಸ್ವಲ್ಪ ನೋಯುತ್ತದೆ, ಹೆಚ್ಚಾದರೆ ಹೇಳಿ, ನಿಲ್ಲಿಸುತ್ತೇನೆ ಅಂದೆ. ಹೊಸ ಗ್ಲೌಸ್, ಹೊಸ ತಟ್ಟೆ. ಕೊನೆಯ ಪಟ್ಟಿ ಅಂಟಿಸುವ ಮೊದಲೇ ಗಂಟೆ ಹೊಡೆಯಿತು. ಪಟ್ಟಿ ನನ್ನ ಕೈಯಲ್ಲೇ ಉಳಿಯಿತು. ಹೊರಗೆ ಬಂದು ಬಸ್ ನಿಲ್ದಾಣದಲ್ಲಿ ಕೂತು ಚೆನ್ನಾಗಿ ಅತ್ತೆ. ಪೆಟ್ಟಿಗೆಗೆ ಏನೇನು ತುಂಬಬೇಕು ಅಂತ ಅಲ್ಲೇ ಯೋಚಿಸಿದೆ.

ನಿನ್ನೆ ಫಲಿತಾಂಶ ಬಂತು. ಪಾಸು. ಹತ್ತನೇ ಕಟ್ಟೆಯ ಎದುರು ಒಂದು ಸಾಲು ಬರೆದಿದ್ದಾರೆ: ಕೆಲಸ ಪೂರ್ಣವಾಗಲಿಲ್ಲ, ತಮ್ಮ ತಪ್ಪನ್ನು ತಾವೇ ಹೇಳಿ ಸರಿಪಡಿಸಿದರು, ರೋಗಿಗೆ ಅಪಾಯವಿಲ್ಲ.

ಜಡ್ಜಮ್ಮನಿಗೆ ಹೇಳಿದೆ. ಖುಷಿಪಟ್ಟಳು, ಆಮೇಲೆ, ನೀನು ಬೇರೆ ವಾರ್ಡಿಗೆ ಹೋದರೆ ನನ್ನನ್ನು ಎಬ್ಬಿಸುವವರು ಯಾರು ಅಂದಳು. ಗೊತ್ತಿಲ್ಲ ಅಂದೆ. ಹೊಸದಾಗಿ ಬರುವವಳಿಗಾಗಿ ದಿಂಬು, ಹತ್ತು ನಿಮಿಷ ಅಂತ ಅವಳ ಬಾಗಿಲ ಹಿಂದೆ ಬರೆದು ಅಂಟಿಸಿ ಬಂದೆ.

ಬರುವವರು ಬನ್ನಿ. ಮೊದಲ ತಿಂಗಳುಗಳು ಬೂದು ಬಣ್ಣದವು, ತಿಳಿದುಕೊಂಡು ಬನ್ನಿ. ಹೊರಡುವ ಮೊದಲು ತಂಗಿಯನ್ನು ಮಂಚದ ಮೇಲೆ ಮಲಗಿಸಿ, ಅವಳ ಎದುರು ಬಾಯಿ ಬಿಟ್ಟು ಕೆಲಸ ಮಾಡುವುದನ್ನು ರೂಢಿ ಮಾಡಿಕೊಳ್ಳಿ. ಅವಳು ಸುಮ್ಮನೆ ಮಲಗುವುದಿಲ್ಲ, ಅದೇ ಒಳ್ಳೆಯದು. ಬರದವರು ಅಲ್ಲೇ ಇರಿ, ಅದರಲ್ಲೂ ಅವಮಾನವಿಲ್ಲ.

ಸೋಮವಾರ ಬೆಳಿಗ್ಗೆ ಏಳಕ್ಕೆ ಸರ್ಜರಿ ವಾರ್ಡಿನಲ್ಲಿ ನನ್ನ ಡ್ಯೂಟಿ. ಹದಿನಾಲ್ಕು ವರ್ಷ ಮಾಡಿದ ಕೆಲಸಕ್ಕೆ ಹೊಸಬಳಾಗಿ ಸೇರುತ್ತಿದ್ದೇನೆ. ತುಂಬಾ ಹೆದರಿಕೆಯಾಗುತ್ತಿದೆ. ತಂಗಿ, ಈ ಸಾಲನ್ನೂ ಗಟ್ಟಿಯಾಗಿ ಓದು.

ಅಕ್ಕ